ಬೀಜದಿಂದ ಸಸಿಗೆ: ಪ್ರಾಪಗೇಟರ್ ಆರಿಸುವುದು, ಬಳಸುವುದು

ಟೊಮೆಟೊ, ಬದನೆ, ಮೆಣಸಿನಕಾಯಿ, ಎಲೆಕೋಸು ಬೀಜವನ್ನು ನೇರವಾಗಿ ಕುಂಡಕ್ಕೆ ಉದುರಿಸಿದರೆ ಒಂದಷ್ಟು ಇರುವೆ ಪಾಲು, ಒಂದಷ್ಟು ಮಳೆ ಪಾಲು. ಅದಕ್ಕೇ ಮೊದಲು ಸಸಿ ಮಾಡಿಕೊಂಡು ಆಮೇಲೆ ನಾಟಿ ಮಾಡುವುದು. ಹೊಲ ಇರುವವರು ಸಸಿ ಮಡಿ ಮಾಡುತ್ತಾರೆ. ತಾರಸಿಯಲ್ಲೋ ಬಾಲ್ಕನಿಯಲ್ಲೋ ಕೈತೋಟ ಮಾಡುವವರಿಗೆ ಪ್ರಾಪಗೇಟರ್ ಇದೆ. ಹೆಸರು ಕೇಳಿ ಹೆದರಬೇಡಿ. ಕೆಳಗೊಂದು ಟ್ರೇ, ಮೇಲೊಂದು ಪಾರದರ್ಶಕ ಮುಚ್ಚಳ, ಅಷ್ಟೇ. ಕೆಲವಕ್ಕೆ ಅಡಿಯಲ್ಲಿ ಕರೆಂಟಿನಿಂದ ಬಿಸಿಯಾಗುವ ಮ್ಯಾಟ್ ಇರುತ್ತದೆ.

ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಈ ಬಿಸಿ ಮ್ಯಾಟ್ ಇರುವ ದುಬಾರಿ ಮಾಲೇ. ಅದು ಚಳಿ ದೇಶಗಳ ಅಗತ್ಯಕ್ಕೆ ಹುಟ್ಟಿದ ವಸ್ತು. ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಬೇಸಿಗೆಯಲ್ಲಿ ಮನೆಯ ಹಸಿಮೆಣಸಿನಕಾಯಿ ಕೊಯ್ಯಬೇಕೆಂದರೆ ಫೆಬ್ರವರಿಯಲ್ಲೇ ಬಿತ್ತಬೇಕು. ಹೊರಗೆ ಇಬ್ಬನಿ ಹೆಪ್ಪುಗಟ್ಟುವ ಚಳಿಯ ಭಯ ಮೇ ತಿಂಗಳವರೆಗೂ ಇರುತ್ತದೆ. ಅಂಥ ಕಡೆ ಬಿಸಿ ಕೊಡದೆ ಮೆಣಸಿನ ಬೀಜ ಏಳುವುದೇ ಕಷ್ಟ. ನಮ್ಮಲ್ಲಿ ಕಥೆ ಬೇರೆ. ಈ ತರಕಾರಿಗಳ ಬೀಜಕ್ಕೆ ಬೇಕಾದ ಬಿಸಿ 25ರಿಂದ 30 ಡಿಗ್ರಿ. ಕರ್ನಾಟಕದ ಬಹುಪಾಲು ಊರುಗಳಲ್ಲಿ ವರ್ಷದ ಹೆಚ್ಚಿನ ತಿಂಗಳು ಅದು ಪುಕ್ಕಟೆ ಸಿಗುತ್ತದೆ. ನಮ್ಮ ಬೀಜ ಕೆಡುವುದು ಬೇರೆ ಕಾರಣಗಳಿಗೆ. ಬೆಳಿಗ್ಗೆ ನೀರು ಕುಡಿದ ಬೀಜ ಮಧ್ಯಾಹ್ನ ಒಣಗುತ್ತದೆ, ಇಲ್ಲವೇ ಮುಚ್ಚಳದೊಳಗೆ ಬೇಯುತ್ತದೆ, ಇಲ್ಲವೇ ಹುಟ್ಟಿದ ಸಸಿ ತೇವ ಜಾಸ್ತಿಯಾಗಿ ಕೊಳೆಯುತ್ತದೆ. ಹಾಗಾಗಿ ಹೀಟರ್‌ಗೆ ಕೊಡುವ ದುಡ್ಡನ್ನು ಒಳ್ಳೆಯ ಟ್ರೇಗೆ, ಒಳ್ಳೆಯ ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿ), ಒಂದು ಸೊಳ್ಳೆ ಪರದೆಗೆ ಕೊಡಿ ಎನ್ನುವುದು ನನ್ನ ಮಾತು.

ಮೊದಲು ಊರು, ತಿಂಗಳು ನೋಡಿ

ಬೆಂಗಳೂರು, ಮೈಸೂರು, ಹಾಸನದ ಕಡೆ ಡಿಸೆಂಬರ್-ಜನವರಿಯ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಆಗ ದಪ್ಪ ಮೆಣಸಿನಕಾಯಿ ಬಿತ್ತಿದರೆ ಎರಡು ವಾರ ಕಾದರೂ ಮೊಳಕೆ ಕಾಣದೇ ಇರಬಹುದು. ಬೀಜ ಕೆಟ್ಟಿರುವುದಿಲ್ಲ, ಚಳಿಗೆ ಸುಮ್ನೆ ಕೂತಿರುತ್ತದೆ. ಈ ಎರಡು ತಿಂಗಳಿಗಾಗಿ ಬಿಸಿ ಮ್ಯಾಟ್ ಕೊಳ್ಳುವ ಮೊದಲು ಮನೆಯೊಳಗೇ ಒಮ್ಮೆ ಕಣ್ಣಾಡಿಸಿ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲಿ ಎಂದು ನೀವು ಪಾತ್ರೆ ಇಡುವ ಒಂದು ಬೆಚ್ಚಗಿನ ಜಾಗ ಇದ್ದೇ ಇರುತ್ತದೆ, ಅಲ್ವಾ? ಫ್ರಿಜ್ ಮೇಲೋ, ಯುಪಿಎಸ್ ಪಕ್ಕದಲ್ಲೋ. ಹಿಟ್ಟಿಗೆ ಒಗ್ಗುವ ಬಿಸಿಯೇ ಬೀಜಕ್ಕೂ ಸಾಕು. ಮೊಳಕೆ ಏಳುವವರೆಗೆ ಈ ಬೀಜಗಳಿಗೆ ಬೆಳಕೂ ಬೇಡ.

ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ತಿರುವು ಮುರುವು. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಪ್ಲಾಸ್ಟಿಕ್ ಮುಚ್ಚಳ ಎಂದರೆ ಒಲೆ. ಅಲ್ಲಿ ಮುಚ್ಚಳಕ್ಕಿಂತ ಒದ್ದೆ ಗೋಣಿಚೀಲ ವಾಸಿ. ಟ್ರೇ ನೆರಳಲ್ಲಿಟ್ಟು, ಮೇಲೆ ಗೋಣಿ ಹೊದಿಸಿ, ಅದು ಒಣಗದ ಹಾಗೆ ನೋಡಿಕೊಂಡರೆ ಒಳಗೆ ತಂಪೂ ಇರುತ್ತದೆ, ತೇವವೂ ಇರುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಗಾಳಿಯಲ್ಲೇ ಬೇಕಾದಷ್ಟು ತೇವ. ಅಲ್ಲಿ ಬೇಕಾದದ್ದು ಮೇಲಿನಿಂದ ಬಡಿಯುವ ಮಳೆ ತಡೆಯುವ ಒಂದು ಪಾರದರ್ಶಕ ಶೀಟು, ನಾಲ್ಕೂ ಕಡೆ ಗಾಳಿ. ಮುಚ್ಚಿದ ಪೆಟ್ಟಿಗೆಯಲ್ಲಿ ಜುಲೈ ತಿಂಗಳು ಸಸಿ ಮಾಡಹೊರಟರೆ ಬೂಸ್ಟು ಬೆಳೆಯುತ್ತದೆ, ಸಸಿ ಅಲ್ಲ.

ಯಾವುದನ್ನು ಕೊಳ್ಳುವುದು

ಟ್ರೇ ವಿಷಯಕ್ಕೆ ಬರೋಣ. ನರ್ಸರಿಯವರು ಬಳಸುವ ಪ್ರೋಟ್ರೇ, ಅಂದರೆ ಸಾಲಾಗಿ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ಟ್ರೇಗಿಂತ ಒಳ್ಳೆಯದು ಮನೆಗೂ ಇನ್ನೊಂದಿಲ್ಲ. 98 ಗುಳಿಯ ಟ್ರೇ ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸಿಗೆ. ಸೌತೆ, ಹೀರೆ, ಹಾಗಲ, ಕುಂಬಳ, ಪರಂಗಿಗೆ ಗುಳಿ ದೊಡ್ಡದಿರಬೇಕು, 50 ಗುಳಿಯದ್ದು ತನ್ನಿ. ನಿಮಗೆ ಬೇಕಾಗಿರುವುದು ಎಂಟು ಟೊಮೆಟೊ ಗಿಡ, ನಾಲ್ಕು ಬದನೆ ಎಂದಾದರೆ ಪೂರ್ತಿ ಟ್ರೇ ದಂಡ. ಕತ್ತರಿಯಲ್ಲಿ ಕತ್ತರಿಸಿ ಎರಡು ಮೂರು ತುಂಡು ಮಾಡಿಕೊಳ್ಳಿ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಕೋಸು ನಾಲ್ಕೈದು ದಿನಕ್ಕೆ ಎದ್ದುಬಿಡುತ್ತದೆ, ಮೆಣಸಿನಕಾಯಿ ಎಂಟರಿಂದ ಹದಿನಾಲ್ಕು ದಿನ ತೆಗೆದುಕೊಳ್ಳುತ್ತದೆ. ಎರಡನ್ನೂ ಒಂದೇ ಟ್ರೇಯಲ್ಲಿ ಹಾಕಿದರೆ ಒಂದಕ್ಕೆ ಮುಚ್ಚಳ ತೆಗೆಯಬೇಕು, ಇನ್ನೊಂದಕ್ಕೆ ಇಡಬೇಕು. ತುಂಡು ಮಾಡಿದ್ದರೆ ಜಗಳವಿಲ್ಲ.

ಟ್ರೇಯ ಒಂದು ಮೂಲೆ ಹಿಡಿದು ಎತ್ತಿ ನೋಡಿ. ಬಳಬಳ ಬಾಗಿದರೆ ಬಿಡಿ. ಒದ್ದೆ ಕೋಕೋಪೀಟ್ ತುಂಬಿದ ಮೇಲೆ ಅದನ್ನು ಎತ್ತಿಡುವಾಗ ಮಧ್ಯಕ್ಕೆ ಮಡಚಿ ಸಸಿಗಳೆಲ್ಲ ನೆಲಕ್ಕೆ ಬೀಳುತ್ತವೆ. ದಪ್ಪ ಪ್ಲಾಸ್ಟಿಕ್‌ನದ್ದು ಹಲವು ಸಲ ಬಳಕೆಗೆ ಬರುತ್ತದೆ. ಪ್ರತಿ ಗುಳಿಯ ತಳದಲ್ಲೂ ತೂತು ಇದೆಯೇ ನೋಡಿಕೊಳ್ಳಿ, ಕೆಲವೊಮ್ಮೆ ಸರಿಯಾಗಿ ಕೊರೆದಿರುವುದಿಲ್ಲ.

ಇನ್ನು ಮುಚ್ಚಳ. ಕೊಳ್ಳುವುದಾದರೆ ಎತ್ತರದ್ದನ್ನೇ ಕೊಳ್ಳಿ, ಮೇಲೆ ತೆರೆದು ಮುಚ್ಚುವ ಗಾಳಿಕಿಂಡಿ ಇರಲಿ. ಗಿಡ್ಡ ಮುಚ್ಚಳದಲ್ಲಿ ಸಸಿ ಎದ್ದ ಎರಡೇ ದಿನಕ್ಕೆ ತಲೆ ಪ್ಲಾಸ್ಟಿಕ್‌ಗೆ ತಾಗಿ, ಅಲ್ಲಿನ ನೀರ ಹನಿಗೆ ಎಲೆ ಕೊಳೆಯುತ್ತದೆ. ಕೊಳ್ಳದಿದ್ದರೂ ನಡೆಯುತ್ತದೆ. ಸ್ವೀಟ್ ಅಂಗಡಿಯ ಪಾರದರ್ಶಕ ಡಬ್ಬಿ, ಕೇಕ್ ಮುಚ್ಚಿ ಕೊಡುವ ಪ್ಲಾಸ್ಟಿಕ್ ಗುಮ್ಮಟ, ಬುಡ ಕತ್ತರಿಸಿದ ಎರಡು ಲೀಟರ್ ನೀರಿನ ಬಾಟಲಿ, ಎಲ್ಲವೂ ಪ್ರಾಪಗೇಟರೇ. ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದರೆ ಗಾಳಿಕಿಂಡಿ ಸಿದ್ಧ.

ಮುಚ್ಚಳವೇ ಇಲ್ಲದ ಉಪಾಯವನ್ನು ಸಸಿ ನರ್ಸರಿಯವರಿಂದ ಕಲಿಯಬೇಕು. ಬಿತ್ತಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಇಡೀ ರಾಶಿಗೆ ಪ್ಲಾಸ್ಟಿಕ್ ಹೊದಿಸಿಬಿಡುತ್ತಾರೆ. ಒಳಗೆ ಬಿಸಿ, ತೇವ ಎರಡೂ ನಿಲ್ಲುತ್ತದೆ, ನೀರು ಹಾಕುವ ಗೋಜಿಲ್ಲ. ಮೊಳಕೆ ಕಾಣಿಸಿದ ತಕ್ಷಣ ಬಿಡಿಸಿ ನೆರಳು ಪರದೆಯ ಕೆಳಗೆ ಸಾಲಾಗಿ ಇಡುತ್ತಾರೆ. ಮನೆಯಲ್ಲಿ ಎರಡು ಮೂರು ಟ್ರೇ ಇದ್ದರೂ ಇದೇ ಮಾಡಬಹುದು. ಮೇಲಿನ ಟ್ರೇ ಮಾತ್ರ ಖಾಲಿಯದ್ದಾಗಿರಲಿ. ಮೂರನೇ ದಿನದಿಂದ ದಿನಾ ಬೆಳಿಗ್ಗೆ ಎತ್ತಿ ನೋಡುವುದನ್ನು ಮರೆಯಬಾರದು. ಒಂದು ದಿನ ತಡವಾದರೂ ಬಿಳಿ ಸಸಿಗಳು ಮೇಲಿನ ಟ್ರೇಯ ತಳಕ್ಕೆ ಒತ್ತಿಕೊಂಡು ಸೊಟ್ಟಗಾಗಿರುತ್ತವೆ.

ಬಿಸಿ ಮ್ಯಾಟ್ ಬೇಕೇ ಬೇಕು ಎನ್ನುವವರು ಥರ್ಮೋಸ್ಟಾಟ್ (ಬೇಕಾದಷ್ಟು ಬಿಸಿಯಾದಾಗ ತಾನೇ ಆಫ್ ಮಾಡುವ ಸಾಧನ) ಇರುವುದನ್ನೇ ತೆಗೆದುಕೊಳ್ಳಿ. ಅದಿಲ್ಲದ ಮ್ಯಾಟ್ ಸುತ್ತಲಿನ ಬಿಸಿಗಿಂತ ಹೆಚ್ಚೂಕಡಿಮೆ 5ರಿಂದ 10 ಡಿಗ್ರಿ ಏರಿಸುತ್ತಾ ಹೋಗುತ್ತದೆ. ರಾತ್ರಿ ಸರಿ, ನಮ್ಮ ಮಧ್ಯಾಹ್ನಕ್ಕೆ ಅತಿಯಾಗುತ್ತದೆ. ಕರೆಂಟ್ ಖರ್ಚು ದೊಡ್ಡದಲ್ಲ. 20 ವ್ಯಾಟ್ ಮ್ಯಾಟ್ ದಿನವಿಡೀ ಉರಿದರೂ ಅರ್ಧ ಯೂನಿಟ್ ಆಗುವುದಿಲ್ಲ. ನೀರು ಮತ್ತು ವೈರು ಅಕ್ಕಪಕ್ಕ ಇರುವ ಕೆಲಸವಾದ್ದರಿಂದ ಪ್ಲಗ್ ಟ್ರೇಗಿಂತ ಎತ್ತರದಲ್ಲಿರಲಿ, ನೀರು ಹಾಕುವಾಗ ಸ್ವಿಚ್ ಆಫ್ ಇರಲಿ.

ಕೋಕೋಪೀಟ್ ತಯಾರಿ

ತೋಟದ ಮಣ್ಣು ಬೇಡವೇ ಬೇಡ. ಸಣ್ಣ ಗುಳಿಯಲ್ಲಿ ಅದು ಗಟ್ಟಿಯಾಗುತ್ತದೆ, ಜೊತೆಗೆ ರೋಗವನ್ನೂ ತರುತ್ತದೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್ ಸಾಕು. 650 ಗ್ರಾಮಿನ ಇಟ್ಟಿಗೆ ನೆನೆಸಿದರೆ ಎಂಟೊಂಬತ್ತು ಲೀಟರಿನಷ್ಟು ಉಬ್ಬುತ್ತದೆ, ಮನೆ ಮಟ್ಟಿಗೆ ಧಾರಾಳ.

ಅಗ್ಗದ ಇಟ್ಟಿಗೆಗಳಲ್ಲಿ ಉಪ್ಪಿನಂಶ ಇರುತ್ತದೆ. ಸಸಿ ಎದ್ದು ಎಲೆಯ ಅಂಚು ಸುಟ್ಟ ಹಾಗೆ ಕಂದಾದರೆ ಇದೇ ಕಾರಣ ಇರಬಹುದು. ಬಕೆಟ್‌ನಲ್ಲಿ ನೆನೆಸಿ, ಹಳೇ ಪಂಚೆಯಲ್ಲಿ ಸೋಸಿ ಹಿಂಡಿ, ಮತ್ತೆ ಹೊಸ ನೀರಲ್ಲಿ ನೆನೆಸಿ. ಎರಡು ಮೂರು ಸಲ ಹೀಗೆ ತೊಳೆದರೆ ಮೊದಲು ಕಾಫಿ ಬಣ್ಣಕ್ಕೆ ಬರುತ್ತಿದ್ದ ನೀರು ತಿಳಿಯಾಗುತ್ತಾ ಬರುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕಡೆಯ ಸಲ ಮಳೆನೀರಲ್ಲೋ ಕುಡಿಯುವ ನೀರಲ್ಲೋ ತೊಳೆಯಿರಿ.

ಈಗ ತೇವ ಎಷ್ಟಿರಬೇಕು? ಒಂದು ಮುಷ್ಟಿ ತೆಗೆದುಕೊಂಡು ಜೋರಾಗಿ ಹಿಸುಕಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿ ನಿಲ್ಲಬೇಕು. ಕೈ ಬಿಚ್ಚಿದರೆ ಉಂಡೆ ಹಾಗೇ ಇರಬೇಕು, ಹೆಬ್ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ನೀರು ಧಾರೆಯಾಗಿ ಇಳಿದರೆ ಇನ್ನೂ ಹಿಂಡಬೇಕು. ಉಂಡೆಯೇ ಕಟ್ಟದಿದ್ದರೆ ನೀರು ಸಾಲದು. ಈ ಹದ ಸಿಕ್ಕರೆ ಮುಚ್ಚಳದೊಳಗೆ ಮೊಳಕೆ ಬರುವವರೆಗೆ ಇನ್ನೊಂದು ಹನಿ ನೀರು ಹಾಕಬೇಕಾಗಿಲ್ಲ.

ಕೋಕೋಪೀಟ್‌ನಲ್ಲಿ ಸಾರ ಇಲ್ಲ. ಮೊಳಕೆಗೆ ಅದು ಬೇಕಾಗಿಯೂ ಇಲ್ಲ, ಬೀಜದೊಳಗೇ ಬುತ್ತಿ ಇರುತ್ತದೆ. ಆಮೇಲಿನ ದಿನಗಳಿಗೆ ಎಂದು ನಾಲ್ಕು ಭಾಗ ಕೋಕೋಪೀಟ್‌ಗೆ ಒಂದು ಭಾಗ ಜರಡಿ ಹಿಡಿದ ಎರೆಗೊಬ್ಬರ ಬೆರೆಸಬಹುದು. ಒಂದು ಚಮಚ ಟ್ರೈಕೋಡರ್ಮ ಪುಡಿಯನ್ನೂ ಕಲಸಿ. ಬುಡ ಕೊಳೆಸುವ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ ಅದು.

ಬೀಜ, ಬಿತ್ತನೆ

ಪ್ಯಾಕೆಟ್ ಮೇಲಿನ ತಾರೀಖು ನೋಡದೆ ಬಿತ್ತಬೇಡಿ. ಟೊಮೆಟೊ ಬೀಜ ಒಣಗಿಸಿ ಜೋಪಾನವಾಗಿಟ್ಟರೆ ನಾಲ್ಕು ವರ್ಷ ಬಾಳುತ್ತದೆ. ಈರುಳ್ಳಿ ಬೀಜ ವರ್ಷ ಕಳೆಯುವಷ್ಟರಲ್ಲಿ ಸೋಲುತ್ತದೆ. ಅನುಮಾನ ಇದ್ದರೆ ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಆರು ಮೊಳೆತರೆ ಪರವಾಗಿಲ್ಲ, ಗುಳಿಗೆ ಎರಡರಂತೆ ಹಾಕಿ. ಎರಡೋ ಮೂರೋ ಮೊಳೆತರೆ ಹೊಸ ಪ್ಯಾಕೆಟ್ ತನ್ನಿ.

ತಳಿ ಆರಿಸುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನು ಒಮ್ಮೆ ನೋಡಿ. ಅರ್ಕಾ ರಕ್ಷಕ್ ಟೊಮೆಟೊ ಎಲೆ ಮುರುಟು ರೋಗ, ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಅದು ಹೈಬ್ರಿಡ್, ಹಣ್ಣಿನ ಬೀಜ ತೆಗೆದಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಇನ್ನೊಂದು ಎಚ್ಚರಿಕೆ: ಗುಲಾಬಿ, ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಸಾಮಾನ್ಯವಾಗಿ ಔಷಧಿ ಸವರಿರುತ್ತಾರೆ. ಅದನ್ನು ನೆನೆಸಬೇಡಿ, ಕೈಗವಸು ಇಲ್ಲದೆ ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಗುಳಿಗಳಿಗೆ ಕೋಕೋಪೀಟ್ ತುಂಬಿ ಟ್ರೇಯನ್ನು ನೆಲಕ್ಕೆ ಎರಡು ಸಲ ಮೆಲ್ಲಗೆ ಕುಟ್ಟಿ. ಇಳಿದಷ್ಟಕ್ಕೆ ಮತ್ತೆ ತುಂಬಿ. ಹೆಬ್ಬೆರಳಲ್ಲಿ ಒತ್ತಿ ಗಟ್ಟಿ ಮಾಡಬೇಡಿ, ಬೇರಿಗೆ ಗಾಳಿ ಬೇಕು. ಪೆನ್ಸಿಲ್ ಹಿಂಬದಿಯಲ್ಲಿ ಅರ್ಧ ಸೆಂಟಿಮೀಟರ್ ಗುಳಿ ಮಾಡಿ, ಬೀಜ ಇಟ್ಟು, ಒಣ ಕೋಕೋಪೀಟ್ ಉದುರಿಸಿ ಮುಚ್ಚಿ. ಬೀಜದ ದಪ್ಪದ ಎರಡು ಪಟ್ಟು ಆಳ ಎಂಬ ಲೆಕ್ಕ ಹೆಚ್ಚಿನವಕ್ಕೆ ನಡೆಯುತ್ತದೆ. ಲೆಟ್ಯೂಸ್, ಪೆಟೂನಿಯಾದಂಥ ಸಣ್ಣ ಬೀಜಕ್ಕೆ ಮಾತ್ರ ಬೆಳಕು ಬೇಕು, ಮೇಲೆ ಉದುರಿಸಿ ಬಿಡಿ, ಮುಚ್ಚಬೇಡಿ. ಲೆಟ್ಯೂಸ್‌ಗೆ ಬಿಸಿಯೂ ಆಗದು. 30 ಡಿಗ್ರಿ ಹತ್ತಿರ ಹೋದರೆ ಅದು ಮೊಳೆಯಲು ಒಪ್ಪುವುದೇ ಇಲ್ಲ, ನೆರಳಿನ ತಂಪು ಮೂಲೆ ಹುಡುಕಿ.

ಹಾಗಲ, ಪಡವಲ, ಹೀರೆ ಬೀಜದ ಸಿಪ್ಪೆ ಗಟ್ಟಿ. ರಾತ್ರಿ ನೆನೆಸಿ, ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬಿಳಿ ತುದಿ ಇಣುಕಿದ ಮೇಲೆ ಗುಳಿಗೆ ಇಡಿ. ಮೂಲಂಗಿ, ಕ್ಯಾರೆಟ್, ಕೊತ್ತಂಬರಿ, ಸಬ್ಬಸಿಗೆಗೆ ಈ ರಗಳೆ ಯಾವುದೂ ಬೇಡ, ನೇರ ಕುಂಡಕ್ಕೆ ಬಿತ್ತಿ. ಕಿತ್ತು ನೆಟ್ಟರೆ ಅವಕ್ಕೆ ಆಗಿಬರುವುದಿಲ್ಲ.

ಯಾವ ಗುಳಿಯಲ್ಲಿ ಏನು ಎಂದು ಬರೆದಿಡಿ. ಟೊಮೆಟೊ ಮತ್ತು ಬದನೆಯ ಮೊದಲ ಎಲೆ ನೋಡಿ ಗುರುತು ಹಿಡಿಯುತ್ತೇನೆ ಎನ್ನುವವರೂ ಎರಡು ಬಗೆಯ ಮೆಣಸಿನಕಾಯಿಯ ಮುಂದೆ ಸೋಲುತ್ತಾರೆ.

ಮುಚ್ಚಳ ತೆಗೆಯುವ ಹೊತ್ತು

ಮುಚ್ಚಳ ಇರುವುದು ಬೀಜಕ್ಕೆ, ಸಸಿಗಲ್ಲ. ಪ್ರಾಪಗೇಟರ್‌ನಲ್ಲಿ ಸಸಿ ಸತ್ತ ಬಹುಪಾಲು ಕಡೆ ಆಗಿರುವುದು ಇಷ್ಟೇ, ಮುಚ್ಚಳ ಎರಡು ದಿನ ಜಾಸ್ತಿ ಇದ್ದಿರುತ್ತದೆ.

ಮುಚ್ಚಿದ ಪೆಟ್ಟಿಗೆಯನ್ನು ನೇರ ಬಿಸಿಲಿಗೆ ಇಡಬೇಡಿ, ಅರ್ಧ ಗಂಟೆಗೂ ಬೇಡ. ಹೊರಗೆ 32 ಡಿಗ್ರಿ ಇದ್ದಾಗ ಒಳಗೆ 45 ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಹತ್ತಿರದ ಅಂಗಡಿಯಿಂದ ಸಣ್ಣ ಥರ್ಮಾಮೀಟರ್ ತಂದು ಒಳಗಿಟ್ಟರೆ ಊಹೆ ಮಾಡುವ ಕಷ್ಟ ತಪ್ಪುತ್ತದೆ.

ಮುಚ್ಚಳದ ಒಳಮೈಯನ್ನು ದಿನಾ ಬೆಳಿಗ್ಗೆ ಗಮನಿಸಿ. ತೆಳುವಾಗಿ ಮಂಜು ಕಟ್ಟಿದಂತಿದ್ದರೆ ಹದ ಸರಿ. ದಪ್ಪ ಹನಿಗಳು ಜಾರಿ ಟ್ರೇ ಮೇಲೆ ತೊಟ್ಟಿಕ್ಕುತ್ತಿದ್ದರೆ ನೀರು ಜಾಸ್ತಿ, ಮುಚ್ಚಳ ತೆಗೆದು ಒರೆಸಿ ಒಂದೆರಡು ಗಂಟೆ ಬಿಡಿ. ಒಣಗಿದ್ದರೆ ಸ್ಪ್ರೇ ಬಾಟಲಿಯಲ್ಲಿ ನೀರು ಸಿಂಪಡಿಸಿ.

ಮೊದಲ ಸಸಿಗಳ ಕೊಕ್ಕೆ ಕತ್ತು ಮೇಲೆದ್ದ ದಿನವೇ ಗಾಳಿಕಿಂಡಿ ತೆರೆಯಿರಿ. ಅರ್ಧಕ್ಕಿಂತ ಹೆಚ್ಚು ಎದ್ದು ಎಲೆ ಬಿಚ್ಚಿದ ಮೇಲೆ ಒಂದು ಕಡೆ ಪೆನ್ಸಿಲ್ ಅಡ್ಡ ಇಟ್ಟು ಮುಚ್ಚಳ ಓರೆ ಮಾಡಿ. ಮಾರನೆಯ ದಿನ ಪೂರ್ತಿ ತೆಗೆಯಿರಿ. ಉಳಿದ ಬೀಜ ಏಳಲಿ ಎಂದು ಕಾಯಬೇಡಿ, ನಾಲ್ಕು ಸೋಮಾರಿ ಬೀಜಕ್ಕಾಗಿ ನಲವತ್ತು ಸಸಿ ಕಳೆದುಕೊಳ್ಳುವ ವ್ಯಾಪಾರ ಅದು.

ಬುಡ ಕೊಳೆಯುವ ರೋಗ ಬಂದರೆ ತಪ್ಪದೆ ಗೊತ್ತಾಗುತ್ತದೆ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆ ಮಲಗಿರುತ್ತದೆ. ಎಲೆ ಇನ್ನೂ ಹಸಿರಾಗೇ ಇರುತ್ತದೆ, ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೀರಾಗಿ ದಾರದಷ್ಟು ಸಣ್ಣಗಾಗಿರುತ್ತದೆ. ಬಿದ್ದದ್ದನ್ನು ಉಳಿಸಲಾಗದು. ಆ ಗುಳಿಯ ಕೋಕೋಪೀಟ್ ಸಮೇತ ಕಿತ್ತು ಬಿಸಾಡಿ, ಮುಚ್ಚಳ ತೆಗೆದು, ನೀರು ನಿಲ್ಲಿಸಿ, ಗಾಳಿ ಆಡುವ ಕಡೆ ಇಡಿ. ಉಳಿದವಕ್ಕೆ ಟ್ರೈಕೋಡರ್ಮ ಕಲಸಿದ ನೀರು ಹಾಕಿ.

ಕೆಲವು ಸಸಿ ಬೀಜದ ಸಿಪ್ಪೆಯನ್ನು ತಲೆ ಮೇಲೆ ಹೊತ್ತುಕೊಂಡೇ ಏಳುತ್ತದೆ, ಮೆಣಸಿನಕಾಯಿಯಲ್ಲಿ ಇದು ಮಾಮೂಲು. ಉಗುರಲ್ಲಿ ಎಳೆದರೆ ಎಲೆ ಸಮೇತ ಕಿತ್ತು ಬರುತ್ತದೆ. ಸಿಪ್ಪೆ ಮೇಲೆ ಒಂದು ಹನಿ ನೀರು ಬಿಟ್ಟು ಅರ್ಧ ಗಂಟೆ ಕಾದು, ಮೆತ್ತಗಾದ ಮೇಲೆ ಮೆಲ್ಲಗೆ ಜಾರಿಸಿ.

ಅಂದಹಾಗೆ, ದಾಸವಾಳ, ಮಲ್ಲಿಗೆ ಕಡ್ಡಿ ನೆಟ್ಟು ಬೇರು ಬರಿಸಲು ಇದೇ ಪೆಟ್ಟಿಗೆ ಬಳಸುವುದಾದರೆ ಈ ನಿಯಮ ಅನ್ವಯಿಸುವುದಿಲ್ಲ. ಬೇರಿಲ್ಲದ ಕಡ್ಡಿ ಒಣಗಬಾರದು, ಬೇರು ಬಿಡುವವರೆಗೂ ಮುಚ್ಚಳ ಬೇಕು.

ಬೆಳಕು, ನೀರು, ಪರದೆ

ಮುಚ್ಚಳ ತೆಗೆದ ದಿನದಿಂದ ಬೆಳಕೇ ಮುಖ್ಯ. ಬಾಲ್ಕನಿಯ ಒಳಮೂಲೆಯಲ್ಲಿಟ್ಟ ಸಸಿ ಮೂರೇ ದಿನಕ್ಕೆ ಬೆಳಕಿನ ಕಡೆ ಕತ್ತು ಚಾಚಿ ಉದ್ದವಾಗುತ್ತದೆ. ಹಾಗಾದ ಮೇಲೆ ಗಿಡ್ಡ ಮಾಡಲು ಬರುವುದಿಲ್ಲ. ಪೂರ್ವಕ್ಕಿರುವ ಬಾಲ್ಕನಿಯ ಬೆಳಗಿನ ಬಿಸಿಲು ಉತ್ತಮ. ತಾರಸಿಯಾದರೆ ಶೇ 50ರ ನೆರಳು ಪರದೆಯ ಕೆಳಗೆ ಇಡಿ. ಫ್ಲಾಟಿನಲ್ಲಿ ಬಿಸಿಲೇ ಇಲ್ಲದಿದ್ದರೆ 20 ವ್ಯಾಟ್‌ನ ಬಿಳಿ ಎಲ್‌ಇಡಿ ಟ್ಯೂಬನ್ನು ಸಸಿಯ ಮೇಲೆ ಒಂದು ಗೇಣಿನೊಳಗೆ ಕಟ್ಟಿ ದಿನಕ್ಕೆ 14 ಗಂಟೆ ಉರಿಸಿ. ಸಸಿಗೆಂದೇ ಮಾರುವ ನೇರಳೆ ಬಣ್ಣದ ಲೈಟಿಗೆ ದುಡ್ಡು ಸುರಿಯುವ ಅಗತ್ಯ ನನಗೆ ಕಂಡಿಲ್ಲ.

ನೀರನ್ನು ಕೆಳಗಿನಿಂದ ಕುಡಿಸಿ. ಅಗಲ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ನೀರು ನಿಲ್ಲಿಸಿ ಟ್ರೇಯನ್ನು ಕಾಲು ಗಂಟೆ ಅದರಲ್ಲಿಟ್ಟು ತೆಗೆಯಿರಿ. ಮೇಲ್ಮೈ ಕಪ್ಪಾದರೆ ನೀರು ತುದಿ ಮುಟ್ಟಿತು ಎಂದು ಅರ್ಥ. ಮತ್ತೆ ಹಾಕುವುದು ಮೇಲ್ಮೈ ತಿಳಿ ಕಂದಾದ ಮೇಲೆ, ಅದೂ ಬೆಳಿಗ್ಗೆ. ಟ್ರೇ ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಂಡರೆ ಕಣ್ಣಿಗಿಂತ ಕೈ ಬೇಗ ಹೇಳುತ್ತದೆ. ಮೇಲೆ ಹಸಿರು ಪಾಚಿ ಕಟ್ಟಿದ್ದರೂ, ಸಣ್ಣ ಕಪ್ಪು ನೊಣಗಳು ಹಾರಾಡುತ್ತಿದ್ದರೂ ನೀರು ಜಾಸ್ತಿ ಆಗಿದೆ ಎಂದೇ ತಿಳಿಯಿರಿ.

ಬೀಜದ ಎಲೆಗಳ ನಂತರ ನಿಜವಾದ ಎಲೆ ಎರಡು ಬಂದಾಗ ಗುಳಿಗೆ ಒಂದೇ ಸಸಿ ಬಿಟ್ಟು ಉಳಿದದ್ದನ್ನು ಕತ್ತರಿಯಲ್ಲಿ ಕತ್ತರಿಸಿ, ಕೀಳಬೇಡಿ. ಆಗಲೇ ಮೊದಲ ಗೊಬ್ಬರ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ನೀರಲ್ಲಿ ಕರಗುವ 19:19:19 ಗೊಬ್ಬರ ಆದರೆ ಲೀಟರಿಗೆ ಒಂದು ಗ್ರಾಮಿನಷ್ಟು, ವಾರಕ್ಕೊಮ್ಮೆ. ಎರೆಜಲ (ಎರೆಗೊಬ್ಬರದ ತೊಟ್ಟಿಯಿಂದ ಬಸಿದ ನೀರು) ಬಳಸುವವರು ಹತ್ತು ಪಟ್ಟು ನೀರು ಬೆರೆಸಿ.

ಟೊಮೆಟೊ ಬೆಳೆಯುವವರು ಪರದೆ ವಿಷಯದಲ್ಲಿ ಜಿಪುಣತನ ಮಾಡಬಾರದು. ಎಲೆ ಮುರುಟು ರೋಗವನ್ನು ಹರಡುವುದು ಬಿಳಿ ನೊಣ. ಎಳೆ ಸಸಿಗೇ ನಂಜು ತಗುಲಿದರೆ ಆ ಗಿಡದಿಂದ ಹಣ್ಣಿನ ಆಸೆ ಬಿಡಬೇಕು. ನರ್ಸರಿಗಳು 40 ಮೆಶ್, ಅಂದರೆ ಇಂಚಿಗೆ 40 ಕಣ್ಣುಗಳಿರುವ ನೈಲಾನ್ ಪರದೆ ಕಟ್ಟುತ್ತವೆ. ಮನೆಗೆ ಒಳ್ಳೆಯ ಒತ್ತು ಹೆಣಿಗೆಯ ಸೊಳ್ಳೆ ಪರದೆಯ ತುಂಡನ್ನು ತಂತಿಯ ಕಮಾನಿನ ಮೇಲೆ ಹೊದಿಸಿ, ಅಂಚಿಗೆ ಕಲ್ಲು ಹೇರಿ. ಗಾಳಿ ಆಡುತ್ತದೆ, ನೊಣ ಬರುವುದು ಕಡಿಮೆಯಾಗುತ್ತದೆ.

ನಾಟಿಗೆ ಮುಂಚೆ

ಟೊಮೆಟೊ, ಕೋಸು ಮೂರೂವರೆ ನಾಲ್ಕು ವಾರಕ್ಕೆ ಸಿದ್ಧ. ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ, ಬದನೆಗೆ ಐದು ವಾರ. ಸೌತೆ, ಹೀರೆ, ಕುಂಬಳ ಮಾತ್ರ ಎರಡೇ ವಾರ, ಎರಡು ಎಲೆ ಕಂಡ ಕೂಡಲೇ ನೆಡಿ. ಬಳ್ಳಿ ಹಬ್ಬಲು ಶುರುವಾದರೆ ಬೇರು ಕದಲಿದ್ದನ್ನು ಅವು ಸಹಿಸುವುದಿಲ್ಲ.

ನೆಡುವ ವಾರದ ಮುಂಚಿನಿಂದ ಸಸಿಯನ್ನು ಬಿಸಿಲಿಗೆ ಒಗ್ಗಿಸಿ. ಮೊದಲ ದಿನ ಬೆಳಗಿನ ಬಿಸಿಲು ಒಂದು ಗಂಟೆ, ಆಮೇಲೆ ದಿನಕ್ಕಿಷ್ಟು ಹೆಚ್ಚಿಸಿ. ನೀರು ಸ್ವಲ್ಪ ಕಡಿಮೆ ಮಾಡಿ. ಎಲೆ ತುಸು ದಪ್ಪವಾಗಿ ಬಣ್ಣ ಗಾಢವಾಗುತ್ತದೆ. ಎಲೆ ಮೇಲೆ ಬಿಳಿ ಕಾಗದದಂಥ ಮಚ್ಚೆ ಬಿದ್ದರೆ ಆತುರ ಮಾಡಿದಿರಿ ಎಂದು ಅರ್ಥ, ಎರಡು ದಿನ ನೆರಳಿಗೆ ತನ್ನಿ.

ನಾಟಿ ಸಂಜೆ ಮಾಡಿ. ಗುಳಿಯ ತಳದ ತೂತಿನಿಂದ ಪೆನ್ಸಿಲ್‌ನಲ್ಲಿ ಮೇಲಕ್ಕೆ ತಳ್ಳಿ, ಎಲೆ ಹಿಡಿದು ಎತ್ತಿ. ಕಾಂಡ ಹಿಡಿದು ಎಳೆಯಬೇಡಿ, ಅದು ಜಜ್ಜಿದರೆ ಸಸಿ ಮುಗಿಯಿತು. ಬಿಳಿ ಬೇರು ಹೆಣೆದುಕೊಂಡು ಕೋಕೋಪೀಟ್ ಗುಳಿಯ ಆಕಾರದಲ್ಲೇ ಈಚೆ ಬರಬೇಕು. ಉದುರುತ್ತಿದ್ದರೆ ಇನ್ನೂ ನಾಲ್ಕು ದಿನ ತಾಳಿ. ಟೊಮೆಟೊವನ್ನು ಬೀಜದ ಎಲೆವರೆಗೂ ಹೂತು ನೆಡಬಹುದು, ಹೂತ ಕಾಂಡದಲ್ಲೂ ಬೇರು ಬಿಡುತ್ತದೆ. ಬದನೆ, ಮೆಣಸಿನಕಾಯಿ, ಕೋಸನ್ನು ಟ್ರೇಯಲ್ಲಿದ್ದ ಮಟ್ಟಕ್ಕೇ ನೆಟ್ಟರೆ ಸಾಕು.

ಖಾಲಿಯಾದ ಟ್ರೇ, ಮುಚ್ಚಳವನ್ನು ಸೋಪಿನ ನೀರಲ್ಲಿ ಉಜ್ಜಿ, ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಹತ್ತು ನಿಮಿಷ ಅದ್ದಿ ತೊಳೆಯಿರಿ, ಗುಳಿಯ ಮೂಲೆಯಲ್ಲಿ ಅಂಟಿದ ಹಳೇ ಬೇರನ್ನು ಹಲ್ಲುಜ್ಜುವ ಬ್ರಷ್‌ನಲ್ಲಿ ತೆಗೆಯಿರಿ. ಒಣಗಿದ ಮೇಲೆ ತಾರಸಿಯಲ್ಲಿ ಬಿಡದೆ ಒಳಗೆ ಎತ್ತಿಡಿ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ ಮುಂದಿನ ಬಿತ್ತನೆಗೆ ಒಡೆದಿರುತ್ತದೆ.